ಫೂಜೆರ್ ಸಮುದ್ರದಲ್ಲಿ ನಿಂತ ಹದಿನೆಂಟು ದಿನ

ಕೆರಂಗಾಲ್,
14 ಅಕ್ಟೋಬರ್ 2024

ಗುಲ್ವೆನ್ ಅಣ್ಣನಿಗೆ,

ತಂಗಿ ರೊಜೆನ್ ಮಾಡುವ ನಮಸ್ಕಾರ. ನಾನು ಗಟ್ಟಿಯಾಗಿದ್ದೇನೆ. ಅಮ್ಮನ ಮೊಣಕಾಲು ಹಾಗೇ ಇದೆ. ಮೊನ್ನೆಯಿಂದ ನೀನು ಎರಡು ಸಲ ಫೋನ್ ಮಾಡಿದಾಗಲೂ ನಾನು ಎತ್ತಲಿಲ್ಲ, ಅದಕ್ಕೆ ತಪ್ಪಾಯಿತು ಅಂತ ಬರೆಯಬೇಕಂತೆ. ಅಮ್ಮ ಹೇಳಿದಳು. ಆಯಿತು, ತಪ್ಪಾಯಿತು. ಶಾಲೆ ಅರ್ಧಕ್ಕೆ ಬಿಟ್ಟವಳ ಕಾಗದ ಇದು, ತಿದ್ದಿಕೊಂಡು ಓದು.

ನಮ್ಮ ಕುದುರೆ ಫೂಜೆರ್ ಇಲ್ಲ. ಗುರುವಾರ ಲಾರಿ ಬಂದು ಕಸಾಯಿಖಾನೆಗೆ ಒಯ್ದಿತು. ಅಷ್ಟನ್ನು ಅಮ್ಮ ನಿನಗೆ ಹೇಳಿರಬಹುದು. ಹೇಗೆ ಹೋದಳು ಅಂತ ಹೇಳಿರುವುದಿಲ್ಲ. ಅಮ್ಮ ಆಗ ಬಾಗಿಲು ಹಾಕಿಕೊಂಡು ಈರುಳ್ಳಿ ಜಡೆ ಹೆಣೆಯುತ್ತಾ ಕೂತಿದ್ದಳು.

ಸೆಪ್ಟೆಂಬರಿನ ಪ್ರದರ್ಶನಕ್ಕೆಂದು ಅಪ್ಪ ಜೂನಿನಿಂದಲೇ ಅವಳಿಗೆ ಕಾಳು ತಿನ್ನಿಸತೊಡಗಿದ್ದ. ಬೆಳಿಗ್ಗೆ ಒಂದು ಬಕೆಟ್ ಬಾರ್ಲಿ, ಸಂಜೆ ಒಂದು. ಬಂಡಿಗೆ ಕಟ್ಟಬಾರದು, ಮೈ ಇಳಿದುಹೋಗುತ್ತದೆ ಅಂದ. ಅಜ್ಜ ಇದ್ದಿದ್ದರೆ ಆ ಬಕೆಟನ್ನೇ ಅಪ್ಪನ ತಲೆಗೆ ಮಗುಚುತ್ತಿದ್ದ. ನಮ್ಮ ಬ್ರೆಟನ್ ಕುದುರೆ ಬರಡು ನೆಲದ ಜಾತಿ. ಮುಳ್ಳುಕಂಟಿಯ ಚಿಗುರು ಜಜ್ಜಿ ಹಾಕಿದರೆ ಅದನ್ನೇ ತಿಂದು ದಡದಿಂದ ಹೊಲದ ಗೊಬ್ಬರಕ್ಕೆ ಹಸಿ ಪಾಚಿಯ ಬಂಡಿ ಎಳೆದು ಬದುಕಿದ್ದು. ಗಿಡ್ಡ ಕಾಲು, ಅಗಲ ಎದೆ, ಕೆಂಪು ಮೈ, ಒಣಹುಲ್ಲಿನ ಬಣ್ಣದ ಜೂಲು. ಇಂಗ್ಲೆಂಡಿನಿಂದ ಓಟದ ಗಂಡು ತಂದು ಕೂಡಿಸಿದ ಮೇಲೆ ನಮ್ಮ ಕಡೆಯವು ಭಾರ ಎಳೆಯುತ್ತಲೇ ಓಡುವುದನ್ನೂ ಕಲಿತವು. ಸೈನ್ಯದವರು ಫಿರಂಗಿ ಎಳೆಸಲು ಹುಡುಕಿಕೊಂಡು ಬರುತ್ತಿದ್ದರಂತೆ. ಆಮೇಲೆ ಟ್ರಾಕ್ಟರ್ ಬಂತು, ಉಳಿದ ಗಿರಾಕಿ ಕಟುಕನೊಬ್ಬನೇ. ಈ ಜಾತಿ ಉಳಿದದ್ದೇ ಕಟುಕನಿಂದ ಅಂತ ಅಪ್ಪ ಎಲ್ಲರೆದುರೂ ಹೇಳುತ್ತಾನೆ. ಅದು ಬಹುಮಟ್ಟಿಗೆ ನಿಜ. ಅದಕ್ಕೇ ನನಗೆ ಮೈ ಉರಿಯುವುದು.

ಪ್ರದರ್ಶನದಲ್ಲಿ ತೀರ್ಪು ಕೊಡಲು ಬಂದಿದ್ದ ಮೊರ್ವಾನ್ ಮುದುಕ ಅವಳ ತೊಡೆಗೆ ತಟ್ಟಿ, “ಕುದುರೆ ಅಂದ್ರೆ ಇದು ಕಣ್ರೀ. ಬೆನ್ನ ಮೇಲೆ ಹಾಸಿಗೆ ಹಾಸ್ಕೊಂಡು ಮಲಗ್ಬೋದು” ಅಂದ.

“ಮಲಗೋದು ಆಮೇಲೆ, ಮೊದ್ಲು ಓಡ್ಸಿ ನೋಡಿ” ಅಂದೆ ನಾನು.

“ಬಾಯ್ ಮುಚ್ಚೇ” ಅಂದ ಅಪ್ಪ, ಹಲ್ಲು ಬಿಟ್ಟುಕೊಂಡೇ.

ಮೊದಲ ಬಹುಮಾನ ಬಂತು. ನಾಲ್ಕನೇ ದಿನ ಅವಳು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮುಂದಿನ ಎರಡೂ ಗೊರಸು ಒಲೆಯ ಹಾಗೆ ಕಾದಿದ್ದವು. ಭಾರವೆಲ್ಲ ಹಿಂದಕ್ಕೆ ಹಾಕಿ ನಡುಗುತ್ತಾ ನಿಂತಿದ್ದಳು. ಡಾಕ್ಟರ್ ಕೆರೆಬೆಲ್ ಬಂದು ನೋಡಿದರು.

“ಕಾಳು ಜಾಸ್ತಿಯಾಗಿ ಗೊರಸಿಗೆ ಇಳ್ದಿದೆ. ನನ್ ಹತ್ರ ಔಷಧಿ ಇದೆ, ನೋವು ತಗ್ಗತ್ತೆ. ಆದ್ರೆ ಅದು ಮೈಗೆ ಹೋದ್ಮೇಲೆ ಇವಳ ಮಾಂಸ ಯಾವತ್ತೂ ಯಾರೂ ತಿನ್ನೋ ಹಾಗಿಲ್ಲ. ಇವಳ ಗುರುತಿನ ಪುಸ್ತಕದಲ್ಲಿ ಅದಕ್ಕೆ ಅಂತ ಒಂದು ಹಾಳೆ ಇದೆ. ಮಾಲೀಕ ಅಲ್ಲಿ ಸೈನ್ ಹಾಕ್ಬೇಕು.”

“ಒಂಬೈನೂರು ಕಿಲೋ ಕುದುರೇನ ಒಂದ್ ಸೈನಲ್ಲಿ ಮಣ್ಣಿಗೆ ಹಾಕಕ್ಕೆ ನನಗೇನು ಹುಚ್ಚಾ?” ಅಂದ ಅಪ್ಪ.

“ನಿಮ್ಮನ್ನ ಯಾರು ಕೇಳಿದ್ರು? ಮಾಲೀಕ ನಿಮ್ಮ ಮಗ. ಹೇಗಿದ್ರೂ ಈಗ ಮಾರಕ್ಕಾಗಲ್ಲ ಬಿಡಿ. ನಡೀಲಾರದ ಪ್ರಾಣೀನ ಲಾರಿ ಹತ್ಸೋ ಹಾಗಿಲ್ಲ.”

ಅಪ್ಪ ಬಕೆಟ್ ಎತ್ತಿಕೊಂಡು ಹೊರಗೆ ಹೋದ. ಸೋತ ಅಂದುಕೊಂಡೆ. ಮರಿಯಾಗಿದ್ದಾಗಲೇ ಅಜ್ಜ ಅವಳನ್ನು ನಿನ್ನ ಹೆಸರಿಗೆ ಬರೆಸಿದ್ದು ಎಂಥ ಒಳ್ಳೆಯದಾಯಿತು ಅಂದುಕೊಂಡೆ.

ಶನಿವಾರ ನೀನು ಲೋರಿಯಾನ್ ಬಂದರಿನಿಂದ ಫೋನ್ ಮಾಡಿದೆ. “ಈಗ ದೋಣಿ ಬಿಟ್ಟು ಬರೋ ಹಾಗಿಲ್ಲ ಕಣೇ. ಊರಿಗೆ ಬಂದ ತಕ್ಷಣ ಸೈನ್ ಹಾಕ್ತೀನಿ. ಅಲ್ಲೀವರ್ಗೂ ಅಜ್ಜ ಮಾಡ್ತಿದ್ದ ಹಾಗೆ ಸಮುದ್ರದಲ್ಲಿ ನಿಲ್ಸು. ಗೊರಸಿನ ಉರಿ ಇಳಿಯತ್ತೆ. ಅವಳು ನಡೆಯೋ ಹಾಗೆ ಮಾಡು, ಸಾಕು” ಅಂದೆ.

ಮಾಡಿದೆ. ಅಂಗಳದಿಂದ ನೀರಿಗೆ ಮುನ್ನೂರು ಹೆಜ್ಜೆ. ಮೊದಲ ದಿನ ಅಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ಪ್ರತಿ ಹೆಜ್ಜೆಗೂ ನಿಲ್ಲುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು, ಇನ್ನೊಂದು ಹೆಜ್ಜೆ ಇಡುತ್ತಿದ್ದಳು. ಬಾರ್ಲಿ ನಿಲ್ಲಿಸಿ ಬರೀ ಒಣಹುಲ್ಲು ಹಾಕಿದೆ. ಹದಿನೆಂಟು ದಿನ, ದಿನಕ್ಕೆ ಎರಡು ಗಂಟೆ, ಮೊಣಕಾಲುದ್ದ ನೀರಲ್ಲಿ ಅವಳ ಜೊತೆ ನಾನೂ ನಿಂತೆ. ತಲೆಯನ್ನು ನನ್ನ ಹೆಗಲ ಮೇಲೆ ಇಡುತ್ತಿದ್ದಳು. ಆ ತಲೆಯ ಭಾರ ನಿನಗೆ ಗೊತ್ತಲ್ಲ, ಕುತ್ತಿಗೆ ಇನ್ನೂ ನೋಯುತ್ತಿದೆ. ಹದಿನೈದನೇ ದಿನ ಮರಳಿನ ಮೇಲೆ ಹತ್ತು ಮಾರು ತಾನಾಗೇ ಓಡಿದಳು. ನಾನು ಮನೆ ಕಡೆ ತಿರುಗಿ, “ಅಪ್ಪಾ, ನೋಡಿಲ್ಲಿ” ಅಂತ ಕೂಗಿದೆ.

ಅಪ್ಪ ಬಾಗಿಲಲ್ಲಿ ನಿಂತು ತುಂಬಾ ಹೊತ್ತು ನೋಡಿದ, ಒಳಗೆ ಹೋದ. ನಾಚಿಕೆಯಾಗಿರಬೇಕು ಅಂದುಕೊಂಡೆ. ಅವನು ಮಾಂಸದ ವ್ಯಾಪಾರಿಗೆ ಫೋನ್ ಮಾಡಲು ಹೋಗಿದ್ದ.

ಗುರುವಾರ ನಾನು ಹುಲ್ಲಿನ ಕವೆಗೋಲು ಹಿಡಿದು ಗೇಟಿಗೆ ಅಡ್ಡ ನಿಂತೆ. “ಇವಳು ನಮ್ಮಣ್ಣಂದು. ಅವನ ಸೈನ್ ಇಲ್ದೆ ಒಯ್ದ್ರೆ ಕಳ್ಳತನ” ಅಂದೆ. ಲಾರಿಯವನು ಜೇಬಿನಿಂದ ಅವಳ ಮಾಲೀಕತ್ವದ ಕಾರ್ಡು ತೆಗೆದು ನನ್ನ ಮುಖಕ್ಕೆ ಹಿಡಿದ. ನಾನು ಓದಿದೆ. ಪಕ್ಕಕ್ಕೆ ಸರಿದೆ.

ಅವಳು ಒಂದಿಷ್ಟೂ ಕುಂಟದೆ ಹಲಗೆ ಹತ್ತಿದಳು.

“ಕಾಲು ಒಳ್ಳೇದಾಗಿದೆಯಲ್ಲ, ಯಾರು ನೋಡ್ಕೊಂಡಿದ್ದು?” ಅಂತ ಅವನು ಕೇಳಿದ.

ಅಪ್ಪ ನನ್ನ ಕಡೆ ಕೈ ತೋರಿಸಿದ.

“ಒಳ್ಳೇ ಕೆಲಸ ಕಣಮ್ಮಾ” ಅಂದ ಲಾರಿಯವನು.

ಇಷ್ಟೇ. ಅಪ್ಪನ ಜೊತೆ ನಾನು ಒಂದೇ ಮೇಜಿನಲ್ಲಿ ಉಣ್ಣುತ್ತಿಲ್ಲ. ನಾಳೆಯಿಂದ ಪಕ್ಕದ ಊರಿನ ಹೂಕೋಸಿನ ಹೊಲಕ್ಕೆ ಟ್ರಾಕ್ಟರ್ ಓಡಿಸಲು ಹೋಗುತ್ತೇನೆ. ನಗಬೇಕಾದರೆ ನಗು. ಚಳಿ ಶುರುವಾಗಿದೆ, ಅಮ್ಮ ನಿನಗೆ ಉಣ್ಣೆಯ ಅಂಗಿ ಕಳಿಸುತ್ತಾಳೆ. ಸಂತ ಅನ್ನಮ್ಮ ನಿನ್ನ ದೋಣಿ ಕಾಯಲಿ, ಬಲೆ ತುಂಬಲಿ. ಕ್ರಿಸ್‌ಮಸ್‌ಗೆ ಬಂದರೆ ಬಾ, ನಾನು ಮನೆಯಲ್ಲಿ ಇರುವುದಿಲ್ಲ.

ಇಂತಿ,
ರೊಜೆನ್

ಮತ್ತೆ: ಆ ಕಾರ್ಡಿನ ಹಿಂದೆ, ಮಾರಿದವರು ಅನ್ನುವ ಕಡೆ, ನಿನ್ನ ಸೈನ್ ಇತ್ತು. ತಾರೀಖು ಸೆಪ್ಟೆಂಬರ್ ಇಪ್ಪತ್ತು, ಶುಕ್ರವಾರ. ನೀನು ನನಗೆ ಫೋನ್ ಮಾಡಿದ್ದು ಮರುದಿನ, ಶನಿವಾರ. ಅಪ್ಪನನ್ನು ನಾನು ಬೈಯುತ್ತೇನೆ, ಅವನು ಮಾಂಸ ಅಂತ ಬಾಯಿಬಿಟ್ಟೇ ಹೇಳಿದ್ದ. ನೀನು ಅವಳನ್ನು ಮಾರಿ ಸೈನ್ ಹಾಕಿದ ಮೇಲೆ, ಅವಳು ನಡೆಯೋ ಹಾಗೆ ಮಾಡು ಅಂತ ನನ್ನನ್ನು ನೀರಿಗೆ ಕಳಿಸಿದೆ.