ಕದ ತೆಗೆಯುವವರು ಯಾರು?

ಸೇತುವರ್ಷ ತೊಂಬತ್ತೊಂದು, ಫೆಬ್ರವರಿ ಮೂವತ್ತು

ಸೇತುವೆ ಏಳುವ ಮೊದಲಿನ ಕಾಲದಲ್ಲಿರುವ, ಕೃಷ್ಣೆಯ ದಂಡೆಯ ನಮ್ಮ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಪೈಕಿಯ ಸುಗಲವ್ವನ ನಮಸ್ಕಾರ. ತಾರೀಖು ಕಂಡು ಗಾಬರಿಯಾಗಬೇಡಿ. ನಾವು ಸೇತುವೆ ತೆರೆದಂದಿನಿಂದ ವರ್ಷ ಎಣಿಸುತ್ತೇವೆ. ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ಸರ್ಕಾರದ ಬಳಿ ಹಣವಿಲ್ಲದಾಗ ಖಾಸಗಿ ಪಾಲುದಾರರು ಬಂದು ಈ ಸೇತುವೆ ಕಟ್ಟಿದರಂತೆ. ನೀವೆಲ್ಲ ಹಾರ ಹಾಕಿ ಅವರನ್ನು ಬರಮಾಡಿಕೊಂಡಿರಂತೆ. ತಪ್ಪೆನ್ನಲಾರೆ. ಸೇತುವೆ ಗಟ್ಟಿಯಾಗಿದೆ, ಗಿರಣಿಗೆ, ಸಂತೆಗೆ, ಶಾಲೆಗೆ ನಾವು ಅದರ ಮೇಲೆಯೇ ಹೋಗುತ್ತೇವೆ. ಆದರೆ ಅದರ ಆಸುಪಾಸಿನಲ್ಲಿ ಬೇರೆ ದೋಣಿ, ಬೇರೆ ದಾರಿ ಇರಕೂಡದೆಂದು ಒಪ್ಪಂದದಲ್ಲಿದೆ. ಪಾಲುದಾರರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಮಾರುತ್ತಾರೆ, ಅವರು ಮತ್ತೊಬ್ಬರಿಗೆ. ಹಾಗೆ ಒಡೆತನ ಬದಲಾಗುವ ದಿನಗಳಿಗೆ 'ಕೈಬದಲು' ಎನ್ನುತ್ತೇವೆ. ಆಗ ಸೇತುವೆಯ ಕದ ಮುಚ್ಚಿರುತ್ತದೆ.

ಹೋದ ಕೈಬದಲಿನಲ್ಲಿ ನನ್ನ ಅಣ್ಣ ಮುದಕಪ್ಪನ ಹೆಂಡತಿ ಫಕೀರವ್ವನಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡ ತಿರುಗಿತ್ತು. ಆಸ್ಪತ್ರೆ ಇರುವುದು ಆಚೆ ದಂಡೆಯಲ್ಲಿ. ಮಂಚದ ಸಮೇತ ಹೊತ್ತು ಕದದವರೆಗೆ ಒಯ್ದೆವು. ಕಾವಲಿನ ಹುಸೇನಸಾಬ ನಮ್ಮ ಓಣಿಯವನೇ. ಪಾಲುದಾರರಿಗೆ ಮೇಲಿಂದ ಮೇಲೆ ಸುದ್ದಿ ಕಳಿಸಿದ. ಹಳಬರು ಹೊಸಬರನ್ನು ಕೇಳಿ ಎಂದರು. ಹೊಸಬರು ಸೇತುವೆ ಇನ್ನೂ ನಮ್ಮದಾಗಿಲ್ಲ ಎಂದರು.

"ಕದ ನನ್ನ ಕೈಯಾಗಿಲ್ಲ, ತಂಗಿ," ಎಂದ ಹುಸೇನಸಾಬ. "ಯಾರ ಕೈಯಾಗೈತಿ ಅನ್ನೂದೂ ಇವತ್ತ ನನಗ ಗೊತ್ತಿಲ್ಲ."

ಅಣ್ಣ ಮೇವಿನ ಬಣವೆಯಡಿ ಬಚ್ಚಿಟ್ಟಿದ್ದ ಹರಿಗೋಲು ತಂದ. ನಡುಹೊಳೆಯಲ್ಲಿ ಪಾಲುದಾರರ ಕಾವಲುದೋಣಿ ಅಡ್ಡ ಬಂತು. ಅಣ್ಣ ಹುಟ್ಟು ಬಿಟ್ಟು ಕೈಮುಗಿದ. ಅವರು ಒಪ್ಪಂದ ಓದಿ ಹೇಳಿ, ಹರಿಗೋಲಿಗೆ ಹಗ್ಗ ಕಟ್ಟಿ, ನಮ್ಮನ್ನು ಈಚೆ ದಂಡೆಗೇ ಎಳೆಯತೊಡಗಿದರು. ಫಕೀರವ್ವ ನನ್ನ ಸೆರಗು ಹಿಡಿದುಕೊಂಡಿದ್ದಳು.

"ಹೊಳಿ ದಾಟಿದ್ವೇನ, ಸುಗಲವ್ವಾ?"

ದಾಟಿದೆವು ಎಂದೆ. ದಂಡೆ ಮುಟ್ಟುವ ಮೊದಲೇ ಆಕೆಯ ಕೈ ಸಡಿಲಿತು. ಕೂಸೂ ಉಳಿಯಲಿಲ್ಲ.

ಕೋರ್ಟಿಗೆ ಹೋದೆವು. ನ್ಯಾಯಾಧೀಶರು ಒಳ್ಳೆಯ ಹೆಂಗಸು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡರು. ನಿಮ್ಮ ಹಿರಿಯರು ಆರಿಸಿದ ಸರ್ಕಾರವೇ ಸಹಿ ಹಾಕಿದೆ, ನಾನೇನು ಮಾಡಲಿ ಎಂದು ತಲೆ ತಗ್ಗಿಸಿದರು. ದೋಣಿ ಇಳಿಸಿದ್ದಕ್ಕೆ ಅಣ್ಣ ಇನ್ನು ಸೇತುವೆ ಹತ್ತುವಂತಿಲ್ಲ, ಬದುಕಿರುವವರೆಗೂ.

ಸೇತುವೆ ಬೇಡವೆಂದು ನಾನು ಹೇಳುತ್ತಿಲ್ಲ. ಸಹಿ ಬೀಳುವ ಮೊದಲು ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, ಕದ ತೆಗೆಯುವವರು ಯಾರು ಎಂದು ಕೇಳಿ. ಒಂದು ದೋಣಿಯನ್ನಾದರೂ ನಮಗೆ ಉಳಿಸಿ.

ಇಷ್ಟು ಬರೆದು ಕಿಟಕಿಯಿಂದ ನೋಡಿದೆ. ಇಂದು ಮತ್ತೆ ಕೈಬದಲು, ಕದ ಮುಚ್ಚಿದೆ. ಅಂದರೆ ಈ ಕಾಗದ ನಿಮಗೆ ಮುಟ್ಟಲಿಲ್ಲವೋ, ಮುಟ್ಟಿಯೂ ನೀವು ಕೇಳಲಿಲ್ಲವೋ.