ಕ್ಯಾಮೆರಾದ ಎತ್ತರ

ಪ್ರೀತಿಯ ಅಪ್ಪ,

ನನ್ನ ಮದುವೆಗೆ ಕರೆದಾಗ ನೀವು, “ಫೋಟೋ ತೆಗೆಯೋಕಾದ್ರೆ ಬರ್ತೀನಿ. ಇಷ್ಟು ವರ್ಷ ಬೇರೆ ಇದ್ದು, ಈಗ ನೆಂಟನ ಹಾಗೆ ನಿಮ್ಮಮ್ಮನ ಎದುರು ಬಂದು ಕೂರೋಕೆ ನನ್ನಿಂದಾಗಲ್ಲ” ಅಂದಿರಿ. ಆ ನೆಪವನ್ನೂ ಈಗ ಕಿತ್ತುಕೊಂಡಿದ್ದೇನೆ. ಹಾಲ್‌ನ ಮೂಲೆಯಲ್ಲಿ ನಾನೇ ಒಂದು ಫೋಟೋ ಬೂತ್ ಕಟ್ಟುತ್ತಿದ್ದೇನೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಎದುರಿಗೊಂದು ಬೆಂಚು. ಕೂತವರೇ ಗುಂಡಿ ಒತ್ತಿಕೊಳ್ಳಬೇಕು. ಪರೀಕ್ಷೆಗೆಂದು ಕೂತ ಸೋದರಮಾವ ಒತ್ತಿದಾಗಲೆಲ್ಲ ಕಣ್ಣು ಮುಚ್ಚಿದ್ದಾರೆ.

ಬೆಂಚಿನ ಹಿಂದೆ ಕಟ್ಟಲು ನಿಮ್ಮ ಸ್ಟುಡಿಯೋದ ನೀಲಿ ಪರದೆ ಬೇಕು. ಕೊರಿಯರ್ ಮಾಡಬೇಡಿ, ಸುಕ್ಕಾಗುತ್ತದೆ. ನೀವೇ ತನ್ನಿ.

ಬೂತಿನಲ್ಲಿ ತೂಗುಹಾಕಲು ಹಳೆಯ ಫೋಟೋಗಳಿಗಾಗಿ ಆಲ್ಬಮ್‌ಗಳನ್ನೆಲ್ಲ ಜಾಲಾಡಿದೆ. ನೀವು ಸಿಕ್ಕಿದ್ದು ಒಂದೇ ಕಡೆ: ನಾನು ಮೊದಲ ಸಲ ಎದ್ದು ನಿಂತ ಫೋಟೋದಲ್ಲಿ, ನನ್ನ ಕಾಲ ಬಳಿ ಬಿದ್ದ ನೆರಳಾಗಿ.

ನಿನ್ನೆ ಬೆಂಚಿನ ಅಳತೆಗೆ ಕ್ಯಾಮೆರಾ ಹೊಂದಿಸುತ್ತಿದ್ದಾಗ ಅಮ್ಮ ಬಂದು ಇಣುಕಿ ನೋಡಿದಳು. ನಾನು ನಿಮ್ಮ ಸುದ್ದಿ ಎತ್ತಿರಲಿಲ್ಲ. ಅವಳೇ ಅಂದಳು: “ಇನ್ನೂ ಸ್ವಲ್ಪ ಮೇಲೆತ್ತೇ. ನಿಮ್ಮಪ್ಪ ಕೂತ್ರೂ ಉದ್ದಾನೇ, ತಲೆ ಕಟ್ ಆಗುತ್ತೆ.”

ಎತ್ತಿಟ್ಟಿದ್ದೇನೆ.

ನಿಮ್ಮ
ಪುಟ್ಟಿ