ಡಾಕ್ಟರ ಗುಳಿಗಿ, ನನ್ನ ಪುಡಿ

ರಾಣೆಬೆನ್ನೂರು
ತಾ. ೧೮-೨-೨೦೦೭, ಐತವಾರ

ಚಿ. ಸೌ. ದಾಕ್ಷಾಯಿಣಿಗೆ ನಿನ್ನ ಚಿಗವ್ವ ನೀಲಗಂಗವ್ವ ಮಾಡುವ ಆಶೀರ್ವಾದ.

ನಾವಿಲ್ಲಿ ಇದ್ದೇವಿ. ಕ್ಷೇಮ ಅಂತ ಬರಿಯಾಕ ಕೈ ಬರವಲ್ದು, ಅದಕ್ಕ ಬರೇ ಇದ್ದೇವಿ ಅಂತ ಬರದೇನಿ. ಬೆಳಗಾವ್ಯಾಗ ನೀನು, ಅಳಿಯಂದ್ರು, ಕೂಸು ಮಧು ಆರಾಮ ಅದೀರಿ ಅಂತ ತಿಳಕೊಂಡೇನಿ. ನಿನ್ನ ಪತ್ರ ಬಂದು ಹದಿನೈದು ದಿನ ಆತು. ಉತ್ತರ ಬರಿಯಾಕ ಎರಡು ಸಲ ಕುಂತೆ, ಎರಡೂ ಸಲ ಹರದು ಒಲಿಗೆ ಹಾಕಿದೆ. ಸಿಟ್ಟಾಗಬ್ಯಾಡ ನನ್ನವ್ವ.

ಮೊದಲ ನಿಮ್ಮವ್ವನ ಸುದ್ದಿ ಹೇಳತೇನಿ. ಹಾವೇರಿ ದವಾಖಾನಿಯಿಂದ ಅಕ್ಕನ್ನ ಬ್ಯಾಡಗಿ ಮನಿಗೆ ಕರಕೊಂಡು ಬಂದೇವಿ. ತೊಡಿ ಮ್ಯಾಲಿನ ಚಪ್ಪಿ ಎಲಬಿಗೆ ರಾಡು ಹಾಕ್ಯಾರ, ಹೊಲಿಗಿ ಬಿಚ್ಯಾರ. ನಾಕು ಕಾಲಿನ ಸ್ಟ್ಯಾಂಡ ಹಿಡಕೊಂಡು ಪಡಸಾಲಿಯಿಂದ ಹಿತ್ತಲ ಬಾಗಲತನಕ ನಡೀತಾಳ. ಅಷ್ಟಕ್ಕ ಮೈಯೆಲ್ಲಾ ಬೆವರು. ನಿಮ್ಮಣ್ಣ ಶಂಭುಲಿಂಗನ ಹೆಂಡತಿ ಒಂದು ಮಾತು ಗೊಣಗದ ಎಲ್ಲಾ ಮಾಡಾಕತ್ತಾಳ, ಆ ಹುಡುಗಿಗೆ ದೇವರು ಒಳ್ಳೇದು ಮಾಡಲಿ. ಮತ್ತ ಮೊದಲಿನಂಗ ನಡೀತಾಳೋ ಇಲ್ಲೋ ಅಂತ ಕೇಳಿದ್ರ ಡಾಕ್ಟರು ಮಾರಿ ಆ ಕಡೆ ತಿರುವಿದ್ರು.

ಕಾಲಿನ ನೋವಿಗಿಂತ ನಿನ್ನ ನೋವು ಆಕೀಗೆ ಹೆಚ್ಚಾಗೇತಿ. ಅವತ್ತ ನೀ ಫೋನಿನ್ಯಾಗ, “ವಾರಕ್ಕ ಒಂದು ಗುಳಿಗಿ ನುಂಗಾಕ ನಿನಗೇನು ಧಾಡಿ ಆಗಿತ್ತು? ನಿನ್ನ ಹಟಕ್ಕ ನೀನೂ ಸಾಯಿ, ಅಣ್ಣನ ಮನಿಯವರನ್ನೂ ಸಾಯಿಸು” ಅಂದ್ಯಲ್ಲ, ನಾ ಆಕೀ ಬಾಜೂನ ಕುಂತಿದ್ದೆ. ನಿನ್ನ ದನಿ ನನಗೂ ಕೇಳಾಕತ್ತಿತ್ತು. ಅಕ್ಕ ಫೋನು ಇಟ್ಟುಬಿಟ್ಲು. ಆಮ್ಯಾಲ ಫೋನ್ ಬಂದ್ರ ಸಾಕು, “ಮಲಗ್ಯಾಳ ಅಂತ ಹೇಳ್ರಿ” ಅಂತಾಳ. ಇಷ್ಟು ದಿನ ತಾಯಿ ಮಗಳು ಮಾತು ಬಿಟ್ಟಿದ್ದು ನಾ ಎಂದೂ ಕಂಡಿಲ್ಲ. ಅದಕ್ಕ ಇವತ್ತ ಏನಾದ್ರೂ ಆಗಲಿ ಅಂತ ಬರಿಯಾಕತ್ತೇನಿ. ಹಟ ಮಾಡಿದಾಕಿ ನಿಮ್ಮವ್ವ ಅಲ್ಲ ದಾಕ್ಷಿ. ಆ ಗುಳಿಗಿ ಬಿಡಿಸಿದಾಕಿ ನಾನು.

ಎರಡು ವರ್ಷದ ಹಿಂದ ಅಕ್ಕನ ಮುಂಗೈ ಮುರೀತಲ್ಲ, ಅದು ಕೂಡಿದ ಮ್ಯಾಲ ಹಾವೇರ್ಯಾಗ ಎಲಬು ತಪಾಸ ಮಾಡೋ ಶಿಬಿರ ಇತ್ತು, ನಾವಿಬ್ಬರೂ ಹೋಗಿದ್ವಿ. ಹಿಮ್ಮಡ ಮಷಿನ್ಯಾಗ ಇಡಿಸಿ ನೋಡಿದ್ರು. ಎಲಬು ಬೆಂಡಿನಂಗ ಟೊಳ್ಳಾಗ್ಯಾವು ಅಂತ ಡಾಕ್ಟರು ವಾರಕ್ಕೊಂದು ಗುಳಿಗಿ ಬರದುಕೊಟ್ರು. ಐತವಾರ ಮುಂಜಾನೆ ಖಾಲಿ ಹೊಟ್ಟೀಲೆ ದೊಡ್ಡ ಗ್ಲಾಸು ನೀರಿನ ಕೂಡ ನುಂಗಬೇಕು. ಅರ್ಧ ತಾಸು ಚಹಾ ಕುಡೀಬಾರದು, ಮಲಗಬಾರದು, ನೆಟ್ಟಗ ಇರಬೇಕು. ಅಕ್ಕ ವ್ರತ ಹಿಡದಂಗ ಹಿಡದಿದ್ಲು.

ಅಷ್ಟರಾಗ ಮೆಣಸಿನಕಾಯಿ ಸುಗ್ಗಿ ಬಂತು. ನಿನಗ ಗೊತ್ತೈತೆಲ್ಲ, ಸೋಮವಾರದ ಪ್ಯಾಟಿಗೆ ಮಾಲು ಹೋಗಬೇಕಂದ್ರ ಐತವಾರ ನಸಿಕಲೇ ರಾಶಿ ಮುಂದ ಕುಂದ್ರಬೇಕು. ಗುಳಿಗಿ ನುಂಗಿ, ನೀರು ಕುಡದು, ಅಕ್ಕ ಸೀದಾ ಹೋಗಿ ಮೊಣಕಾಲಿಗೆ ಗದ್ದ ಹಚ್ಚಿ ಬಗ್ಗಿ ತೊಟ್ಟು ಬಿಡಸಾಕ ಕುಂತುಬಿಡಾಕಿ. ಮಲಗಬ್ಯಾಡ ಅಂದ್ರಲ್ಲ, ಮಲಗಿಲ್ಲಲ್ಲ, ಕುಂತಾಳಲ್ಲ! ನಮ್ಮ ತಲಿಗೆ ಹೊಳದದ್ದು ಅಷ್ಟ. ಬಗ್ಗಿ ಕುಂತ್ರ ಗುಳಿಗಿ ಮ್ಯಾಲ ಬಂದು ಎದಿ ಸುಡತೈತಿ ಅಂತ ಯಾರಿಗೆ ಗೊತ್ತಿತ್ತು? ಎದ್ಯಾಗ ಕೆಂಡ ಇಟ್ಟಂಗ ಆಗತೈತಿ ಅಂತ ಅಕ್ಕ ಅಳಾಕತ್ಲು.

ಆವಾಗ ನಾನು ಮನಿ ಮನಿಗೆ ಗಿಡಮೂಲಿಕಿ ಪುಡಿ ಮಾರೋ ಕಂಪನಿ ಸೇರಿದ್ದೆ. ಇಲ್ಲಿ ಲಾಡ್ಜಿನ ಹಾಲಿನ್ಯಾಗ ಮೀಟಿಂಗು ಮಾಡತಿದ್ರು. ಒಬ್ಬಾಕಿ ಎದ್ದು ನನ್ನ ಮೊಣಕಾಲು ನೆಟ್ಟಗಾತು ಅನ್ನೂದು, ಎಲ್ಲಾರೂ ಚಪ್ಪಾಳಿ ಹೊಡಿಯೂದು. ನನಗೂ ಯಾರಾದ್ರೂ ಚಪ್ಪಾಳಿ ಹೊಡೀಲಿ ಅನ್ನೋ ಆಸೆ ಇತ್ತವ್ವ, ಸುಳ್ಳ್ಯಾಕ ಹೇಳಲಿ. ಡಬ್ಬಿ ತಗೊಂಡು ಬ್ಯಾಡಗಿ ಬಸ್ಸು ಹತ್ತಿದೆ. “ಆ ಗುಳಿಗಿ ಉಷ್ಣ ಅಕ್ಕ, ಹೊಟ್ಟಿ ಸುಟ್ಟು ಬೂದಿ ಮಾಡತೈತಿ. ಇದು ಗಿಡಮೂಲಿಕಿದು, ಹಾಲಿನ್ಯಾಗ ಕದಡಿ ಕುಡಿ” ಅಂದೆ. “ಡಾಕ್ಟರನ್ನ ಒಂದು ಮಾತು ಕೇಳೂಣೇನ?” ಅಂದ್ಲು. “ಅವರನ್ನೇನು ಕೇಳತಿ, ಅವರು ಬರಕೊಡೋರು, ನುಂಗಿ ಸಾಯೋರು ನಾವು” ಅಂತ ಬಾಯಿ ಮುಚ್ಚಿಸಿದೆ. ನಿಮ್ಮ ಕಾಕಾ ಮನ್ಯಾಗ, “ನೀ ಯಾವಾಗ ಡಾಕ್ಟರಕಿ ಕಲತ್ಯಲೇ?” ಅಂತ ಚ್ಯಾಷ್ಟಿ ಮಾಡಿದ್ರು. ನನಗ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟೆ.

ಒಂದು ವರ್ಷ ಅಕ್ಕ ಆ ಪುಡಿ ಕುಡದ್ಲು. ಎದಿ ಉರಿ ನಿಂತಿತು, ನಾ ಗೆದ್ದೆ ಅಂದುಕೊಂಡೆ. ಸಂಕ್ರಮಣ ಮುಗದು ನಾಕು ದಿನಕ್ಕ, ಕಾಯಿ ತುಂಬಿದ ಚೀಲ ದಾಟಾಕ ಹೋಗಿ ಕಾಲು ತೊಡಕಿ ಕುಂಡಿ ಊರಿ ಕುಂತ್ಲು. ಬಿದ್ದಾಳಂತನೂ ಅನ್ನಾಕ ಬರೂದಿಲ್ಲ, ಕುಂತಾಳ ಅಷ್ಟ. ಅಷ್ಟಕ್ಕ ಚಪ್ಪಿ ಮುರೀತು.

ದವಾಖಾನ್ಯಾಗ ಡಾಕ್ಟರು ಬೈಯ್ಯಲಿಲ್ಲ. ಬೈದಿದ್ರ ಚಲೋ ಇತ್ತು. “ನಿಮ್ಮ ಪುಡಿ ವಿಷ ಏನಲ್ಲವ್ವ, ಅದರಾಗೂ ಎಲಬಿಗೆ ಬೇಕಾದ್ದು ಸ್ವಲ್ಪ ಇದ್ದೀತು. ಆದ್ರ ಚೀಲದ ತಳ ಹರದಾಗ ಮ್ಯಾಲಿಂದ ಎಷ್ಟು ಕಾಯಿ ತುಂಬಿದ್ರೇನು? ಆ ಗುಳಿಗಿ ತಳ ಹೊಲಿಯೋದು. ತುಂಬೋದೂ ಬೇಕು, ಹೊಲಿಯೋದೂ ಬೇಕು” ಅಂದ್ರು. ಆಮ್ಯಾಲ, “ಎದಿ ಉರೀತು ಅಂತ ಒಂದು ಮಾತು ಬಂದು ಹೇಳಿದ್ರ, ನೆಟ್ಟಗ ಕುಂದ್ರು ಅಂತಿದ್ದೆ. ಆಗಲೂ ಆಗಲಿಲ್ಲಂದ್ರ ಬ್ಯಾರೆ ಔಷಧ ಕೊಡತಿದ್ದೆ” ಅಂದ್ರು. ಹಾವೇರಿಗೆ ಬಸ್ಸಿನ್ಯಾಗ ಎಷ್ಟು ಹೊತ್ತಿನ ದಾರಿ ದಾಕ್ಷಿ? ನಾ ಕರಕೊಂಡು ಹೋಗಲಿಲ್ಲ.

ಅಕ್ಕನ ಕಾಲು ಹಿಡಕೊಂಡು ಅತ್ತೆ. “ಹುಚ್ಚಿ, ನೀ ಬೇಕಂತ ಮಾಡಿದ್ಯಾ? ನಿನಗೂ ಅದ ಚಲೋ ಅನಸಿತ್ತು, ನೀನೂ ಅದನ್ನ ಕುಡದಿ. ನನ್ನ ಹಣೇಬರಹ” ಅಂತ ನನ್ನ ತಲಿ ಸವರಿದ್ಲು. ನಿನ್ನ ಮುಂದ ನನ್ನ ಹೆಸರು ಎತ್ತಬಾರದು ಅಂತ ಆಣಿ ಹಾಕಿಸ್ಯಾಳ. ಆ ಆಣಿ ಮುರದ ಇದನ್ನ ಬರದೇನಿ.

ಈ ಪತ್ರ ಓದಿದ ಕೂಡ್ಲೆ ಅವ್ವಗ ಫೋನ್ ಮಾಡು. ಮಲಗ್ಯಾಳ ಅಂದ್ರ ಎಬ್ಬಸ್ರಿ ಅನ್ನು. ಬೈಯೂದಿದ್ರ ನನಗ ಬೈಯಿ, ಯುಗಾದಿಗೆ ಬಂದು ಎದುರಿಗೆ ನಿಂತು ಬೈಯಿ, ನಾ ಕೇಳತೇನಿ. ಈಗ ಅಕ್ಕಗ ಡಾಕ್ಟರು ಹೇಳಿದ ಔಷಧನ ನಡದೈತಿ, ಹಾಲೂ ನಡದೈತಿ. ನಿನ್ನ ಮಾತೊಂದು ಕೊಡು. ಅಳಿಯಂದ್ರಿಗೆ ಶರಣು ಹೇಳು, ಮಧುನ ಗಲ್ಲ ಹಿಂಡು. ನಿನ್ನ ಮುತ್ತೈದಿತನ, ನಿನ್ನ ಮನಿ ತಣ್ಣಗಿರಲಿ.

ಇಂತಿ ನಿನ್ನ ಚಿಗವ್ವ,
ನೀಲಗಂಗವ್ವ

ತಾ.ಕ.: ಇಷ್ಟು ಬರದು ಲಕೋಟಿ ಅಂಟಿಸಿ ಮತ್ತ ಬಿಚ್ಚೇನಿ. ಅಕ್ಕ ನನಗ “ನೀನೂ ಅದನ್ನ ಕುಡದಿ” ಅಂದಾಗ ನಾ ಸುಮ್ಮನಿದ್ದೆ. ಅವತ್ತ ಶಿಬಿರದಾಗ ನನ್ನ ಎಲಬನ್ನೂ ನೋಡಿದ್ರು, ನನಗೂ ಅದ ಗುಳಿಗಿ ಬರದುಕೊಟ್ರು. ನಾ ಆ ಗುಳಿಗಿ ಒಂದು ವಾರನೂ ಬಿಟ್ಟಿಲ್ಲ. ಪುಡಿ ಮಾರಾಕಿ ಗುಳಿಗಿ ನುಂಗತಾಳ ಅಂದ್ರ ಯಾರು ತಗೋತಾರ ಅಂತ ಯಾರ ಮುಂದೂ ಬಾಯಿ ಬಿಡಲಿಲ್ಲ, ಅಕ್ಕನ ಮುಂದೂ ಬಿಡಲಿಲ್ಲ; ನಾನೂ ಗುಳಿಗಿ ಬಿಟ್ಟು ಪುಡಿ ಹಿಡದೇನಿ ಅಂತ ಆಕಿ ತಿಳಕೊಂಡಿದ್ಲು. ಇವತ್ತೂ ಮುಂಜಾನೆ ನುಂಗೇನಿ. ಈ ಪತ್ರ ಶುರು ಮಾಡಿದ್ದು ಆ ಅರ್ಧ ತಾಸಿನ್ಯಾಗ, ನೆಟ್ಟಗ ಕುಂತು.